ದಾಸ್ತಾನಿನ ಅರಿವು: ಹಗೇವಿನಿಂದ ತಂತ್ರಾಂಶದವರೆಗೆ

೧

ಸಮೀಪದ ಅಂಗಡಿಯಲ್ಲಿ ತಮಗೆ ಬೇಕಾದ ಸರಕು ಇದೆಯೇ, ಇದ್ದರೆ ಎಷ್ಟಿದೆ ಎಂಬುದನ್ನು ಮನೆಯಲ್ಲಿ ಕುಳಿತೇ ತಿಳಿಯಲು ನೆರವಾಗುವ ತಂತ್ರಾಂಶಗಳು ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿವೆ. ಇವು ಯಂತ್ರವಿದ್ಯೆಗೆ ಸೇರಿದ ವಿಷಯವೆಂದೂ ಇತಿಹಾಸದ ವಿದ್ಯಾರ್ಥಿಗೆ ಇವುಗಳಲ್ಲಿ ವಿಚಾರಾರ್ಹವಾದದ್ದು ಏನೂ ಇಲ್ಲವೆಂದೂ ಭಾವಿಸುವುದು ಸಹಜ. ಆದರೆ ಸ್ವಲ್ಪ ಪರಿಶೀಲಿಸಿದರೆ ಉಪಕರಣ ಮಾತ್ರ ಹೊಸದು, ಪ್ರಶ್ನೆ ಬಹು ಹಳೆಯದು ಎಂಬುದು ಮನವರಿಕೆಯಾಗುತ್ತದೆ. ಅಂಗಡಿಯ ಒಳಗೆ ಏನಿದೆ ಎಂಬುದನ್ನು ಹೊರಗೆ ನಿಂತವನು ತಿಳಿಯುವ ಬಗೆ ಯಾವುದು? ತಿಳಿಯುವ ಹಕ್ಕು ಯಾರಿಗೆ ಸೇರಿದ್ದು? ತಿಳಿದ ಲೆಕ್ಕಕ್ಕೂ ಇರುವ ಸರಕಿಗೂ ಎಷ್ಟರಮಟ್ಟಿಗೆ ಹೊಂದಿಕೆಯಿದೆ? ಈ ಮೂರು ಪ್ರಶ್ನೆಗಳನ್ನು ನಮ್ಮ ಪ್ರಾಂತ್ಯದ ಅನುಭವದ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ವಿವೇಚನೆಗೆ ಒಂದು ನೆಲೆ ಬೇಕು. ನಂದಿಬೆಟ್ಟದ ಆಸುಪಾಸಿನಲ್ಲಿರುವ, ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯನ್ನು ಅಂತಹ ನೆಲೆಯಾಗಿ ಇಟ್ಟುಕೊಂಡಿದ್ದೇನೆ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರೆಂದು ಇದರ ಹೆಸರು ಎಲ್ಲರಿಗೂ ಪರಿಚಿತ. ಅಂಕಿಅಂಶಗಳಿಲ್ಲದೆ ಯೋಜನೆಯಿಲ್ಲವೆಂದು ನಂಬಿ, ೧೯೩೪ರಲ್ಲಿಯೇ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯೊಂದನ್ನು ಸೂಚಿಸಿ ಗ್ರಂಥ ಬರೆದವರು ಅವರು. ಅವರ ಊರಿನ ಒಬ್ಬ ರೈತನಿಗೆ ಇಂದು ಒಂದು ಚೀಲ ಯೂರಿಯಾ ಎಲ್ಲಿ ಸಿಕ್ಕೀತೆಂಬುದು ಅಂಕಿಅಂಶಗಳಿಂದ ತಿಳಿಯುತ್ತದೆಯೇ ಎಂದು ಕೇಳುವುದು ಅಸಂಗತವಾಗಲಾರದು. ಊರಿನ ಚರಿತ್ರೆಯನ್ನು ಬರೆಯುವುದು ಇಲ್ಲಿ ನನ್ನ ಉದ್ದೇಶವಲ್ಲ. ದೊಡ್ಡ ಸಂಗತಿಯೊಂದನ್ನು ಸಣ್ಣ ಊರಿನ ಕಟ್ಟೆಯ ಮೇಲೆ ಕುಳಿತು ನೋಡುವ ಪ್ರಯತ್ನವಿದು.

೨

ಹಳೆಯ ಮೈಸೂರಿನ ಪೂರ್ವಭಾಗದ ಬಯಲುಸೀಮೆಯಲ್ಲಿ ಜನರ ಮುಖ್ಯ ಆಹಾರ ರಾಗಿ. ರಾಗಿಯನ್ನು ಕೂಡಿಡುತ್ತಿದ್ದ ಸ್ಥಳ ಹಗೇವು. ಗಟ್ಟಿನೆಲದಲ್ಲಿ ಗುಂಡಿ ತೋಡಿ, ಒಳಮೈಗೆ ಹುಲ್ಲು ಹೊದಿಸಿ, ಧಾನ್ಯವನ್ನು ತುಂಬಿ, ಬಾಯಿಯನ್ನು ಕಲ್ಲು ಮಣ್ಣುಗಳಿಂದ ಮುಚ್ಚಿಬಿಟ್ಟರೆ ರಾಗಿ ಹಲವು ವರ್ಷ ಕೆಡದೆ ಇರುತ್ತಿತ್ತು. ಬಾಯಿ ತೆರೆದ ಕೂಡಲೆ ಒಳಗೆ ಇಳಿಯುವಂತಿರಲಿಲ್ಲ. ಕೆಟ್ಟ ಗಾಳಿ ಹೊರಗೆ ಹೋಗುವವರೆಗೆ ಕಾಯಬೇಕಾಗಿತ್ತು. ಹಗೇವಿನ ಲಕ್ಷಣವನ್ನು ಇತಿಹಾಸದ ದೃಷ್ಟಿಯಿಂದ ನೋಡಿದರೆ ಅದು ಧಾನ್ಯವನ್ನು ಕಾಪಾಡಿದಂತೆಯೇ ಧಾನ್ಯದ ಸುದ್ದಿಯನ್ನೂ ಕಾಪಾಡುತ್ತಿತ್ತು. ದಂಡು ಬಂದರೂ ಕಳ್ಳರು ಬಂದರೂ ಕಂದಾಯದ ಅಧಿಕಾರಿ ಬಂದರೂ ನೆಲದ ಮೇಲೆ ಕಾಣಿಸುವುದು ಏನೂ ಇಲ್ಲ. ಯಾರ ಹಗೇವಿನಲ್ಲಿ ಎಷ್ಟಿದೆ ಎಂಬುದು ಮನೆಯ ಯಜಮಾನನಿಗೂ ತುಂಬಿದ ಆಳುಗಳಿಗೂ ತಿಳಿದ ವಿಷಯ. ಗುಟ್ಟಾಗಿರುವುದೇ ಇಲ್ಲಿ ದಾಸ್ತಾನಿನ ರಕ್ಷಣೆ.

ಸಂತೆ ಇದಕ್ಕೆ ನೇರ ವಿರುದ್ಧವಾದ ವ್ಯವಸ್ಥೆ. ಅಲ್ಲಿ ಎಲ್ಲವೂ ಬಯಲಿನಲ್ಲಿ ಹರಡಿಕೊಂಡಿರುತ್ತದೆ. ವರ್ತಕರ ಮುಖಂಡನಾದ ಪಟ್ಟಣಸ್ವಾಮಿಯು ಸಂತೆಯನ್ನು ಸ್ಥಾಪಿಸಿದ ವಿಚಾರ ನಮ್ಮ ಮಧ್ಯಯುಗದ ಶಾಸನಗಳಲ್ಲಿ ಬರುತ್ತದೆ. ವಾರದಲ್ಲಿ ಒಂದು ದಿನ, ಗೊತ್ತಾದ ಸ್ಥಳ, ಸುತ್ತಲಿನ ಊರುಗಳಿಂದ ಕೂಡುವ ಜನ: ಇಷ್ಟು ತಿಳಿದಿದ್ದರೆ ಕೊಳ್ಳುವವನಿಗೆ ಬೇರೆ ಮಾಹಿತಿಯ ಅವಶ್ಯಕತೆ ಹೆಚ್ಚಾಗಿ ಬೀಳುತ್ತಿರಲಿಲ್ಲ. ಒಬ್ಬ ವರ್ತಕನ ಬಳಿ ಇಲ್ಲದ ಸರಕು ಪಕ್ಕದವನ ಬಳಿ ಕಣ್ಣಿಗೇ ಬೀಳುತ್ತದೆ. ನೋಟವೂ ಚೌಕಾಸಿಯೂ ಕೂಡಿ ದಾಸ್ತಾನಿನ ಅರಿವನ್ನು ಕೊಡುತ್ತಿದ್ದುವು. ದಿನವೂ ತೆರೆದಿರುವ ಅಂಗಡಿ ನೆಲೆಗೊಂಡ ಮೇಲೆ ಈ ಬಯಲಿನ ಗುಣ ಕುಗ್ಗಿತು. ಅಂಗಡಿಗೆ ಮುಂಭಾಗವೂ ಇದೆ, ಹಿಂದಿನ ಕೋಣೆಯೂ ಇದೆ. ಮುಂಭಾಗವು ಸಂತೆಯಂತೆ, ಹಿಂದಿನ ಕೋಣೆ ಹಗೇವಿನಂತೆ.

ಈ ಹಿಂದಿನ ಕೋಣೆಯ ಮೇಲೆ ರಾಜ್ಯದ ಕಣ್ಣು ಬಿದ್ದದ್ದು ಆಧುನಿಕ ಕಾಲದಲ್ಲಿಯೇ ಎಂದು ತಿಳಿಯಬೇಕಾಗಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪಣ್ಯಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಅನುಮತಿ ಪಡೆದವರು ಮಾತ್ರವೇ ಧಾನ್ಯವನ್ನೂ ಸರಕನ್ನೂ ಕೂಡಿಡಬೇಕು, ಅನುಮತಿಯಿಲ್ಲದೆ ಕೂಡಿಟ್ಟದ್ದನ್ನು ಅವನು ವಶಪಡಿಸಿಕೊಳ್ಳಬೇಕು ಎಂಬುದು ಅಲ್ಲಿನ ವಿಧಿ. ಆ ಗ್ರಂಥವನ್ನು ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಿಂದಲೇ ಲೋಕಕ್ಕೆ ಪ್ರಕಟಿಸಿಕೊಟ್ಟರು. ಗ್ರಂಥದ ವಿಧಿ ಎಷ್ಟರಮಟ್ಟಿಗೆ ಆಚರಣೆಯಲ್ಲಿತ್ತೆಂಬುದು ಬೇರೆಯ ಪ್ರಶ್ನೆ. ದಾಸ್ತಾನನ್ನು ತಿಳಿಯುವ ಅಧಿಕಾರ ರಾಜನಿಗೆ ಸೇರಿದ್ದೆಂಬ ಭಾವನೆ ಪ್ರಾಚೀನವೆಂದು ಮಾತ್ರ ಇದರಿಂದ ಗ್ರಹಿಸಬಹುದು. ಕೊಳ್ಳುವವನಿಗೂ ಆ ಹಕ್ಕುಂಟೆಂಬ ಮಾತು ಆ ವಿಧಿಯಲ್ಲಿಲ್ಲ.

೩

ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು, ಎಂದರೆ ೧೮೭೬ರಿಂದ ೧೮೭೮ರವರೆಗಿನ ಬರವು, ಈ ವಿಷಯದಲ್ಲಿ ಒಂದು ತಿರುವು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರ ಗಣತಿಯ ಹೊತ್ತಿಗೆ ೪೧,೮೬,೧೮೮ಕ್ಕೆ ಇಳಿದಿತ್ತು. ಮುದ್ದೇನಹಳ್ಳಿ ಆಗ ಸೇರಿದ್ದ ಕೋಲಾರ ಜಿಲ್ಲೆಯೂ ಈ ವಿಪತ್ತಿನಿಂದ ತಪ್ಪಿಸಿಕೊಳ್ಳಲಿಲ್ಲ. ಹಗೇವುಗಳಲ್ಲಿ ಉಳಿದಿರುವ ಧಾನ್ಯವೆಷ್ಟು ಎಂಬುದನ್ನು ತಿಳಿಯುವ ಸಾಧನ ಅಂದಿನ ಸರ್ಕಾರದ ಕೈಯಲ್ಲಿರಲಿಲ್ಲ. ಅದಕ್ಕೆ ಕಾಣುತ್ತಿದ್ದುದು ಪೇಟೆಯ ಬೆಲೆ ಒಂದೇ. ಬೆಲೆ ಏರಿದರೆ ದಾಸ್ತಾನು ಕಡಿಮೆಯಾಗಿರಬೇಕು, ಇಳಿದರೆ ಸಾಕಷ್ಟಿರಬೇಕು ಎಂಬ ಊಹೆಯ ಮೇಲೆ ಆಡಳಿತ ನಡೆಯಿತು. ೧೮೮೦ರಲ್ಲಿ ಕ್ಷಾಮ ಆಯೋಗದ ವರದಿ ಬಂದ ಮೇಲೆ ರೂಪುಗೊಂಡ ಕ್ಷಾಮ ಸಂಹಿತೆಗಳಲ್ಲಿಯೂ ಮುಖ್ಯ ಧಾನ್ಯಗಳ ಬೆಲೆಗಳ ಮೇಲೆ ಎಚ್ಚರವಿಡುವುದು ಬರದ ಮುನ್ಸೂಚನೆಗಳಲ್ಲಿ ಒಂದಾಗಿ ಉಳಿಯಿತು.

ಬೆಲೆಯು ದಾಸ್ತಾನಿನ ನೆರಳು ಹೌದು. ಆದರೆ ನೆರಳಿನಿಂದ ವಸ್ತುವಿನ ಅಳತೆ ಖಚಿತವಾಗುವುದಿಲ್ಲ. ಸರಕು ಇದ್ದೂ ಬೆಲೆ ಏರಬಹುದು. ಸರಕು ಇಲ್ಲದಿದ್ದರೂ ಕೊಳ್ಳುವ ಶಕ್ತಿಯೇ ಜನರಲ್ಲಿ ಇಲ್ಲದಿದ್ದರೆ ಬೆಲೆ ಏರದೆಯೂ ಇರಬಹುದು. ಬೆಲೆಯನ್ನು ಬಿಟ್ಟು ಸರಕನ್ನೇ ನೇರವಾಗಿ ಎಣಿಸುವ ಯತ್ನಕ್ಕೆ ಮತ್ತೊಂದು ವಿಪತ್ತು ಬರಬೇಕಾಯಿತು.

೪

೧೯೪೨ರಲ್ಲಿ ಬರ್ಮಾ ಜಪಾನೀಯರ ವಶವಾದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಮರುವರ್ಷ ಬಂಗಾಳದಲ್ಲಿ ಘೋರಕ್ಷಾಮ ಉಂಟಾಯಿತು. ವರ್ತಕರೂ ರೈತರೂ ಧಾನ್ಯವನ್ನು ಬಚ್ಚಿಟ್ಟಿದ್ದಾರೆಂದು ನಂಬಿದ ಬಂಗಾಳ ಸರ್ಕಾರ ೧೯೪೩ರ ಜೂನ್ ತಿಂಗಳಲ್ಲಿ ಹಳ್ಳಿಗಳಲ್ಲಿ ದಾಸ್ತಾನಿನ ಗಣತಿಯನ್ನು ನಡೆಸಿತು. ಕಲ್ಕತ್ತೆಯನ್ನು ಆ ಗಣತಿಯಿಂದ ಹೊರಗಿಟ್ಟಿತ್ತು. ಗಣತಿ ಮುಗಿಯಿತು, ಹಸಿವು ಮುಗಿಯಲಿಲ್ಲ. ಯಾರ ದಾಸ್ತಾನನ್ನು ಎಣಿಸಬೇಕು, ಯಾರದನ್ನು ಬಿಡಬೇಕು ಎಂಬ ತೀರ್ಮಾನವೇ ಎಣಿಕೆಯ ಫಲವನ್ನು ಬಹಳಮಟ್ಟಿಗೆ ನಿರ್ಧರಿಸುತ್ತದೆಂಬ ಪಾಠವನ್ನು ಈ ಪ್ರಸಂಗದಿಂದ ಕಲಿಯಬಹುದು.

ಅದೇ ವರ್ಷ ಗ್ರೆಗರಿ ಸಮಿತಿಯು ಒಂದು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ನಗರಗಳಲ್ಲಿ ಪಡಿತರವನ್ನು ಜಾರಿಗೆ ತರಬೇಕೆಂದು ಶಿಫಾರಸು ಮಾಡಿತು. ಯುದ್ಧದ ಆ ವರ್ಷಗಳಲ್ಲಿ ಮೈಸೂರು ಸಂಸ್ಥಾನದಲ್ಲಿಯೂ ಪಡಿತರ ಬಂದಿತು. ಪಡಿತರ ಚೀಟಿ, ಲೆವಿ, ಕಾಳಸಂತೆ ಎಂಬ ಮಾತುಗಳು ಜನರ ಬಾಯಲ್ಲಿ ನೆಲೆಸಿದುವು. ಯುದ್ಧ ಮುಗಿದರೂ ನಿಯಂತ್ರಣದ ಅಧಿಕಾರವನ್ನು ಸರ್ಕಾರ ಬಿಟ್ಟುಕೊಡಲಿಲ್ಲ. ೧೯೪೬ರ ತಾತ್ಕಾಲಿಕ ಅಧಿನಿಯಮದ ಸ್ಥಾನದಲ್ಲಿ ೧೯೫೫ರ ಅವಶ್ಯಕ ವಸ್ತುಗಳ ಅಧಿನಿಯಮ ಬಂದಿತು. ಅದರ ಮೂರನೆಯ ಪ್ರಕರಣದಂತೆ, ವ್ಯಾಪಾರಿಗಳು ಲೆಕ್ಕದ ಪುಸ್ತಕಗಳನ್ನಿಟ್ಟು ತಪಾಸಣೆಗೆ ಹಾಜರುಪಡಿಸಬೇಕೆಂದು ಆಜ್ಞೆ ಮಾಡುವ ಅಧಿಕಾರವೂ ಮಾಹಿತಿಯನ್ನು ಸಂಗ್ರಹಿಸುವ ಅಧಿಕಾರವೂ ಸರ್ಕಾರಕ್ಕೆ ಲಭಿಸಿದುವು. ಇಂದಿನ ತಂತ್ರಾಂಶದ ಮೂಲವನ್ನು ಅರಸುವವರು ಗಣಕಯಂತ್ರದ ಚರಿತ್ರೆಗಿಂತ ಮೊದಲು ಈ ಪ್ರಕರಣವನ್ನು ಓದುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಇಷ್ಟರವರೆಗೂ ದಾಸ್ತಾನನ್ನು ನೋಡುವ ಕಣ್ಣು ಅಧಿಕಾರಿಯದೇ ಆಗಿತ್ತು. ಕೊಳ್ಳುವವನ ಕಣ್ಣಿಗೆ ಕಾನೂನು ಅವಕಾಶ ಮಾಡಿಕೊಟ್ಟದ್ದು ಫಲಕದ ಮೂಲಕ. ೧೯೫೭ರ ಆಜ್ಞೆಗೆ ಬದಲಾಗಿ ಬಂದ ೧೯೮೫ರ ರಸಗೊಬ್ಬರ ನಿಯಂತ್ರಣ ಆಜ್ಞೆಯ ನಾಲ್ಕನೆಯ ಖಂಡದಂತೆ, ಚಿಲ್ಲರೆ ಮಾರಾಟ ಮಾಡುವ ಪ್ರತಿಯೊಬ್ಬ ವ್ಯಾಪಾರಿಯೂ ಆಯಾ ದಿನದ ಆರಂಭದ ದಾಸ್ತಾನನ್ನೂ ಬೆಲೆಗಳ ಪಟ್ಟಿಯನ್ನೂ ಅಂಗಡಿಯಲ್ಲಿ ಎದ್ದುಕಾಣುವಂತೆ ಪ್ರದರ್ಶಿಸಬೇಕು. ೨೦೦೧ರ ಸಾರ್ವಜನಿಕ ವಿತರಣಾ ಪದ್ಧತಿಯ ನಿಯಂತ್ರಣ ಆಜ್ಞೆಯು ನ್ಯಾಯಬೆಲೆ ಅಂಗಡಿಗಳಿಗೂ ಇಂತಹ ಸೂಚನಾ ಫಲಕವನ್ನು ವಿಧಿಸಿತು. ಅಂಗಡಿ ತೆರೆಯುವ ಮುಚ್ಚುವ ವೇಳೆ, ಬೆಲೆ, ತಿಂಗಳಿನಲ್ಲಿ ಬಂದ ಸರಕು, ಆರಂಭದ ಮತ್ತು ಅಂತ್ಯದ ದಾಸ್ತಾನು ಮೊದಲಾದುವು ಅದರಲ್ಲಿ ಕಾಣಬೇಕು. ಕಪ್ಪು ಹಲಗೆಯ ಮೇಲಿನ ಬಿಳಿಯ ಅಕ್ಷರಗಳು ಹೀಗೆ ಒಂದು ಹಕ್ಕಿನ ಚಿಹ್ನೆಯಾದುವು.

ಫಲಕಕ್ಕೆ ಎರಡು ಮಿತಿಗಳಿದ್ದುವು. ಮೊದಲನೆಯದಾಗಿ, ಬರೆಯುವವನು ಅಂಗಡಿಯವನೇ. ಬರೆದದ್ದು ನಿಜವೇ ಎಂದು ಪರೀಕ್ಷಿಸಲು ಕೊಳ್ಳುವವನಿಗೆ ದಾರಿಯಿಲ್ಲ. ಎರಡನೆಯದಾಗಿ, ಫಲಕವನ್ನು ಓದಬೇಕಾದರೆ ಅಂಗಡಿಯ ಬಾಗಿಲಿಗೇ ಬರಬೇಕು. ನಾನು ಬಾಲ್ಯದಲ್ಲಿ ಸೀಮೆಎಣ್ಣೆಗಾಗಿ ಡಬ್ಬಿ ಹಿಡಿದು ಹೋಗುತ್ತಿದ್ದ ಅಂಗಡಿಯೊಂದರಲ್ಲಿ ಫಲಕವಿತ್ತು. ಅದರ ಮೇಲಿನ ಅಂಕಿಗಳು ತಿಂಗಳುಗಟ್ಟಲೆ ಬದಲಾಗುತ್ತಿರಲಿಲ್ಲ. ಬಾಗಿಲಿಗೆ ತೂಗುಬಿಟ್ಟ ರಟ್ಟಿನ ಚೂರಿನ ಮೇಲೆ ‘ಸ್ಟಾಕ್ ಇಲ್ಲ’ ಎಂದು ಬರೆದಿದ್ದರೆ ಅದನ್ನು ಮಾತ್ರ ಎಲ್ಲರೂ ನಂಬುತ್ತಿದ್ದರು. ಡಬ್ಬಿಯನ್ನು ಖಾಲಿಯಾಗಿಯೇ ಹೊತ್ತು ಮರಳುವಾಗ ಕಳೆದುಹೋದದ್ದು ನಮ್ಮ ಅಜ್ಜಿಯ ಒಂದು ದಿನದ ಕೂಲಿ. ಯಾವ ದಾಸ್ತಾನು ಪುಸ್ತಕದಲ್ಲಿಯೂ ಆ ನಷ್ಟಕ್ಕೆ ಕಾಲಮಿರಲಿಲ್ಲ. ಬರಿಗೈಯಲ್ಲಿ ಮರಳಿದ ಈ ನಡಿಗೆಯನ್ನು ಅಳತೆಗೋಲಾಗಿಟ್ಟುಕೊಂಡು ಮುಂದಿನ ವ್ಯವಸ್ಥೆಗಳನ್ನು ಪರಿಶೀಲಿಸೋಣ.

೫

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ರಾಗಿ, ಮುಸುಕಿನ ಜೋಳಗಳೊಡನೆ ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿ, ಹೂವುಗಳ ಬೇಸಾಯ ಬೆಳೆದಿದೆ. ಇವೆಲ್ಲಕ್ಕೂ ರಸಗೊಬ್ಬರ ಬೇಕು. ಅದೂ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಬೇಕು. ಮೇಲುಗೊಬ್ಬರದ ಕಾಲ ತಪ್ಪಿದ ಮೇಲೆ ಬಂದ ಯೂರಿಯಾದಿಂದ ಪೂರ್ಣಪ್ರಯೋಜನವಿಲ್ಲ. ಆದುದರಿಂದಲೇ ಅಂಗಡಿಯಲ್ಲಿ ಗೊಬ್ಬರವಿದೆಯೇ ಎಂಬ ಪ್ರಶ್ನೆ ರೈತನಿಗೆ ಬೆಳೆಯ ಪ್ರಶ್ನೆಯಾಗುತ್ತದೆ.

ಈ ಪ್ರಶ್ನೆ ಎಷ್ಟು ತೀವ್ರವಾಗಬಹುದೆಂಬುದಕ್ಕೆ ೨೦೦೮ರ ಹಾವೇರಿಯ ಘಟನೆ ಸಾಕ್ಷಿ. ಆ ವರ್ಷದ ಜೂನ್ ೧೦ರಂದು ಗೊಬ್ಬರಕ್ಕಾಗಿ ಪ್ರತಿಭಟಿಸುತ್ತಿದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ತೆತ್ತರು. ಬಿತ್ತನೆಯ ಕಾಲದಲ್ಲಿ ಸರಕು ಎಲ್ಲಿದೆ, ಯಾವಾಗ ಬರುತ್ತದೆ ಎಂಬ ನಂಬಿಕೆಯ ಮಾತು ಸಿಗದೆ ಹೋದರೆ ಸರತಿಯ ಸಾಲು ಗುಂಪಾಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲವೆಂಬುದನ್ನು ಆ ದಿನ ತೋರಿಸಿತು.

ಕೇಂದ್ರ ಸರ್ಕಾರದ ರಸಗೊಬ್ಬರ ಇಲಾಖೆಯು ಗೊಬ್ಬರದ ಸಾಗಣೆಯನ್ನು ಗಣಕಯಂತ್ರದ ಮೂಲಕ ಜಿಲ್ಲೆಯವರೆಗೆ ಗುರುತಿಸುವ ಏರ್ಪಾಡನ್ನು ಮೊದಲೇ ಮಾಡಿಕೊಂಡಿತ್ತು. ೨೦೧೨ರಲ್ಲಿ ಅದನ್ನು ಚಿಲ್ಲರೆ ಅಂಗಡಿಯವರೆಗೆ ವಿಸ್ತರಿಸಲು ಪ್ರಾರಂಭವಾಯಿತು. ಸಹಾಯಧನ ಕೊಡುವ ಪದ್ಧತಿಯಲ್ಲಿ ನಿಜವಾದ ಬದಲಾವಣೆ ಬಂದದ್ದು ೨೦೧೬ರಿಂದ ಕೆಲವು ಜಿಲ್ಲೆಗಳಲ್ಲಿ ಪ್ರಯೋಗ ನಡೆದು ೨೦೧೮ರ ಮಾರ್ಚ್ ಹೊತ್ತಿಗೆ ದೇಶದಲ್ಲೆಲ್ಲ ಹೊಸ ವಿಧಾನ ಜಾರಿಯಾದಾಗ. ಅದಕ್ಕೆ ಮುಂಚೆ ಗೊಬ್ಬರ ಜಿಲ್ಲೆಗೆ ತಲುಪಿದೊಡನೆ ಕಂಪನಿಗೆ ಸಹಾಯಧನದ ಬಹುಪಾಲು ಸಲ್ಲುತ್ತಿತ್ತು. ಅನಂತರ, ಚಿಲ್ಲರೆ ಅಂಗಡಿಯ ಯಂತ್ರದಲ್ಲಿ ರೈತನು ಗುರುತನ್ನು ಕೊಟ್ಟು ಚೀಲವನ್ನು ಕೊಂಡುದು ದಾಖಲಾದ ಮೇಲೆಯೇ ಸಹಾಯಧನ ಸಲ್ಲುವಂತಾಯಿತು.

ವ್ಯವಸ್ಥೆಯ ಕ್ರಮವನ್ನು ಸ್ಥೂಲವಾಗಿ ಹೇಳುವುದಾದರೆ ಹೀಗೆ: ಕಂಪನಿಯಿಂದ ಹೊರಟ ಗೊಬ್ಬರ ರೈಲಿನಲ್ಲಿಯೋ ಲಾರಿಯಲ್ಲಿಯೋ ಬಂದು ಜಿಲ್ಲೆಯ ಗೋದಾಮನ್ನು ಸೇರುತ್ತದೆ, ಸಗಟು ವ್ಯಾಪಾರಿಯ ಹೆಸರಿನಿಂದ ಚಿಲ್ಲರೆ ಅಂಗಡಿಗೋ ಸಹಕಾರ ಸಂಘಕ್ಕೋ ವರ್ಗವಾಗುತ್ತದೆ. ಅಂಗಡಿಯವನು ಬಂದ ಸರಕನ್ನು ತನ್ನ ಯಂತ್ರದಲ್ಲಿ ಒಪ್ಪಿಕೊಂಡಾಗ ಅವನ ದಾಸ್ತಾನು ಏರುತ್ತದೆ. ರೈತನು ಆಧಾರ್ ಸಂಖ್ಯೆಯನ್ನು ಕೊಟ್ಟು ಹೆಬ್ಬೆಟ್ಟನ್ನೊತ್ತಿ ಕೊಂಡಾಗ ಅದು ಇಳಿಯುತ್ತದೆ. ಹೀಗೆ ದೊರೆತ ಅಂಗಡಿವಾರು ದಾಸ್ತಾನನ್ನು ಇಲಾಖೆಯ ‘ಉರ್ವರಕ’ ಜಾಲತಾಣದಲ್ಲಿ ‘ಕಿಸಾನ್ ಕಾರ್ನರ್’ ಎಂಬ ಭಾಗದಲ್ಲಿ ರಾಜ್ಯ, ಜಿಲ್ಲೆ, ಅಂಗಡಿಗಳನ್ನು ಆರಿಸಿ ಯಾರು ಬೇಕಾದರೂ ನೋಡಲು ಅವಕಾಶವನ್ನು ಕಲ್ಪಿಸಲಾಯಿತು. ಮುದ್ದೇನಹಳ್ಳಿಯ ರೈತನು ಚಿಕ್ಕಬಳ್ಳಾಪುರಕ್ಕೆ ಹೋಗದೆಯೇ ಅಲ್ಲಿನ ಅಂಗಡಿಯ ಫಲಕವನ್ನು ಓದುವಂತಾಯಿತೆಂದು ಇದನ್ನು ವರ್ಣಿಸಬಹುದು. ಫಲಕದ ಎರಡನೆಯ ಮಿತಿ ಇಲ್ಲಿ ನೀಗಿತು. ಇದು ಅಲ್ಪವಾದ ಲಾಭವಲ್ಲ.

ಮೊದಲನೆಯ ಮಿತಿ ನೀಗಿತೇ ಎಂಬುದನ್ನು ಪರಿಶೀಲಿಸಬೇಕು. ತಂತ್ರಾಂಶವು ಚೀಲಗಳನ್ನು ನೋಡುವುದಿಲ್ಲ. ಬಂದದ್ದು ಹೋದದ್ದು ಎಂಬ ಎರಡು ನಮೂದುಗಳನ್ನು ಮಾತ್ರ ನೋಡುತ್ತದೆ. ಬಂದದ್ದರಲ್ಲಿ ಹೋದದ್ದನ್ನು ಕಳೆದು ಉಳಿದದ್ದು ಅಂಗಡಿಯಲ್ಲಿದೆಯೆಂದು ಹೇಳುತ್ತದೆ. ಚೀಲ ಬಂದು ಇಳಿದರೂ ಒಪ್ಪಿಗೆಯ ನಮೂದು ತಡವಾದರೆ ಇರುವ ಸರಕು ಇಲ್ಲವಾಗಿ ತೋರುತ್ತದೆ. ಸರತಿ ಉದ್ದವಿದೆಯೆಂದು ಮೊದಲು ಚೀಲ ಕೊಟ್ಟು ನಮೂದನ್ನು ಸಂಜೆಗೆ ಮುಂದೂಡಿದರೆ ಇಲ್ಲದ ಸರಕು ಇರುವಂತೆ ತೋರುತ್ತದೆ. ಜಾಲದ ಸಂಪರ್ಕ ತಪ್ಪಿದರೂ ಹೆಬ್ಬೆಟ್ಟಿನ ಗೆರೆ ಸವೆದು ಯಂತ್ರ ಒಪ್ಪದಿದ್ದರೂ ಇದೇ ಫಲ. ಇನ್ನು ಬೇಕೆಂದೇ ಮಾಡುವ ತಪ್ಪು ನಮೂದುಗಳ ಮಾತು ಬೇರೆ. ದಾಸ್ತಾನು ಪುಸ್ತಕದ ಕಾಲದಲ್ಲಿ ಲೆಕ್ಕಕ್ಕೂ ಸರಕಿಗೂ ಇದ್ದ ಅಂತರ ಯಂತ್ರದ ಕಾಲದಲ್ಲಿ ಕಿರಿದಾಗಿರಬಹುದು, ಅಳಿದಿಲ್ಲ.

ಲೆಕ್ಕ ಸರಿಯಾಗಿದ್ದಾಗಲೂ ಅದು ಹೇಳದಿರುವ ಸಂಗತಿಗಳು ಉಂಟು. ಯೂರಿಯಾ ಬೇಕೆಂದರೆ ಬೇಡದ ಇನ್ನೊಂದು ಗೊಬ್ಬರವನ್ನೋ ಔಷಧಿಯನ್ನೋ ಜೊತೆಗೆ ಕೊಳ್ಳಬೇಕೆಂದು ಒತ್ತಾಯಿಸುವ ದುರಭ್ಯಾಸದ ಬಗ್ಗೆ ರೈತರ ದೂರು ಹಳೆಯದು. ತಂತ್ರಾಂಶದ ಪಟ್ಟಿಯಲ್ಲಿ ಅದು ಎರಡು ಮಾರಾಟಗಳಾಗಿ ಕಾಣುತ್ತದೆ, ಒತ್ತಾಯ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಸಾಲದ ಸಂಬಂಧ. ಸಣ್ಣ ರೈತನು ಒಂದೇ ಅಂಗಡಿಯಿಂದ ಬೀಜ, ಗೊಬ್ಬರ, ಔಷಧಿಗಳನ್ನು ಉದ್ದರಿಯಾಗಿ ತಂದು ಬೆಳೆ ಬಂದ ಮೇಲೆ ತೀರಿಸುವುದು ವಾಡಿಕೆ. ಹತ್ತು ಕಿಲೋಮೀಟರಿನಾಚೆಯ ಅಂಗಡಿಯಲ್ಲಿ ಚೀಲಗಳಿವೆಯೆಂದು ತಿಳಿದರೂ ಅಲ್ಲಿ ಅವನಿಗೆ ಖಾತೆಯಿಲ್ಲ. ನಗದು ಉಳ್ಳವನಿಗೆ ಮಾತ್ರ ದಾಸ್ತಾನಿನ ಅರಿವು ಆಯ್ಕೆಯಾಗುತ್ತದೆ. ಉಳಿದವನಿಗೆ ಅದು ಬರಿಯ ಸುದ್ದಿ.

೨೦೨೫ರ ಮುಂಗಾರಿನಲ್ಲಿ ಕರ್ನಾಟಕದಲ್ಲಿ ಯೂರಿಯಾದ ಅಭಾವ ಮತ್ತೆ ತಲೆದೋರಿತು. ಹಂಚಿಕೆಯಾದಷ್ಟು ಬಂದಿಲ್ಲವೆಂದು ರಾಜ್ಯವೂ ಸಾಕಷ್ಟು ಒದಗಿಸಿದೆಯೆಂದು ಕೇಂದ್ರವೂ ವಾದಿಸಿದುವು. ಗೊಬ್ಬರ ಹೊರಟಲ್ಲಿಂದ ಅಂಗಡಿಯವರೆಗೆ ಪ್ರತಿಯೊಂದು ಹೆಜ್ಜೆಗೂ ನಮೂದಿರುವ ಕಾಲದಲ್ಲಿ ಈ ವಾದ ನಡೆಯಿತೆಂಬುದು ಗಮನಾರ್ಹ. ಮಾಹಿತಿ ಹೆಚ್ಚಿದರೆ ವಿವಾದ ತಾನಾಗಿಯೇ ಶಮನವಾಗುವುದೆಂಬ ನಿರೀಕ್ಷೆಯನ್ನು ಈ ಅನುಭವ ಸಮರ್ಥಿಸುವುದಿಲ್ಲ. ರೈತರು ಎಂದಿನಂತೆ ಬೆಳಗಿನ ಜಾವಕ್ಕೆ ಎದ್ದು ಸಾಲಿನಲ್ಲಿ ನಿಂತರು.

೬

ಪಡಿತರದ ಕಥೆಯೂ ಇದಕ್ಕೆ ಸಮಾನಾಂತರವಾಗಿ ಸಾಗಿದೆ. ಆದರೆ ಅಲ್ಲಿ ಕೊಳ್ಳುವವರ ಹಕ್ಕು ಇನ್ನಷ್ಟು ಸ್ಪಷ್ಟವಾಗಿದೆ. ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮವು ವಿತರಣೆಯ ದಾಖಲೆಗಳನ್ನು ಸಾರ್ವಜನಿಕರ ಮುಂದಿಡಬೇಕೆಂದು ತನ್ನ ಇಪ್ಪತ್ತೇಳನೆಯ ಪ್ರಕರಣದಲ್ಲಿಯೂ ಸಾಮಾಜಿಕ ಲೆಕ್ಕಪರಿಶೋಧನೆ ನಡೆಯಬೇಕೆಂದು ಅದರ ಮುಂದಿನ ಪ್ರಕರಣದಲ್ಲಿಯೂ ವಿಧಿಸಿತು. ಒಂದೇ ಪಡಿತರ ಚೀಟಿಯಿಂದ ಬೇರೆ ರಾಜ್ಯದಲ್ಲಿಯೂ ಧಾನ್ಯ ಪಡೆಯುವ ವ್ಯವಸ್ಥೆ ೨೦೨೦ರ ಜನವರಿ ೧ರಿಂದ ಕರ್ನಾಟಕವೂ ಸೇರಿದಂತೆ ೧೨ ರಾಜ್ಯಗಳಲ್ಲಿ ಜಾರಿಗೆ ಬಂದಿತು. ೨೦೨೧ರ ಮಾರ್ಚ್ ತಿಂಗಳಲ್ಲಿ ಹೊರಬಂದ ‘ಮೇರಾ ರೇಷನ್’ ಎಂಬ ಮೊಬೈಲ್ ತಂತ್ರಾಂಶವು ಸಮೀಪದ ನ್ಯಾಯಬೆಲೆ ಅಂಗಡಿಗಳನ್ನು ತೋರಿಸುವುದಲ್ಲದೆ ಕುಟುಂಬಕ್ಕೆ ಸಲ್ಲಬೇಕಾದ ಧಾನ್ಯದ ಪ್ರಮಾಣವನ್ನೂ ತಿಳಿಸುವಂತೆ ರಚಿತವಾಗಿತ್ತು. ಕೆಲಸ ಹುಡುಕಿಕೊಂಡು ಊರು ಬಿಟ್ಟವರಿಗೆ ಇದರಿಂದ ಅನುಕೂಲವಾಯಿತೆಂಬುದರಲ್ಲಿ ಸಂಶಯವಿಲ್ಲ. ಅಂಗಡಿಯು ಇವರ ಪಾಲಿಗೆ ಒಂದೇ ಆಗಿ ಉಳಿಯದೆ ಹಲವಾದಾಗ, ಯಾವುದರಲ್ಲಿ ಧಾನ್ಯವಿದೆ ಎಂಬ ಪ್ರಶ್ನೆಗೆ ಮೊದಲ ಬಾರಿಗೆ ಅರ್ಥ ಬಂದಿತು.

ಆದರೆ ದಾಸ್ತಾನು ಇರುವುದೂ ಅದು ದೊರೆಯುವುದೂ ಬೇರೆ ಬೇರೆ ಎಂಬುದಕ್ಕೆ ಇತ್ತೀಚಿನ ದೊಡ್ಡ ನಿದರ್ಶನ ಪಡಿತರದಲ್ಲಿಯೇ ಸಿಗುತ್ತದೆ. ೨೦೨೩ರಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಗಾಗಿ ರಾಜ್ಯ ಸರ್ಕಾರವು ಭಾರತ ಆಹಾರ ನಿಗಮದಿಂದ ಅಕ್ಕಿಯನ್ನು ಕೊಳ್ಳಲು ಯತ್ನಿಸಿತು. ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯ ಸರ್ಕಾರಗಳಿಗೆ ಮಾಡುವ ಮಾರಾಟವನ್ನು ಕೇಂದ್ರವು ಆ ಜೂನ್ ತಿಂಗಳಲ್ಲಿ ನಿಲ್ಲಿಸಿತು. ಗೋದಾಮುಗಳಲ್ಲಿ ಅಕ್ಕಿಯಿತ್ತು, ಅದರ ಲೆಕ್ಕವೂ ಇತ್ತು, ಕೊಡುವ ತೀರ್ಮಾನ ಇರಲಿಲ್ಲ. ರಾಜ್ಯವು ಜುಲೈನಿಂದ ಅಕ್ಕಿಯ ಬದಲು ಕಿಲೋಗೆ ೩೪ ರೂಪಾಯಿನಂತೆ ಹಣವನ್ನು ಖಾತೆಗೆ ಜಮಾ ಮಾಡಿತು. ೨೦೨೫ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡುವ ಪದ್ಧತಿಗೆ ಮರಳಿತು. ಈ ಪ್ರಸಂಗದಲ್ಲಿ ಯಾರ ನೀತಿ ಸರಿಯೆಂದು ತೀರ್ಪು ಕೊಡುವುದು ಇಲ್ಲಿ ಪ್ರಸ್ತುತವಲ್ಲ. ದಾಸ್ತಾನಿನ ಮೇಲೆ ಮಾಹಿತಿಗಿಂತ ಒಡೆತನದ ಹಿಡಿತ ಬಲವಾದದ್ದೆಂಬುದನ್ನು ಮಾತ್ರ ಗಮನಿಸಬೇಕು.

೭

ಖಾಸಗಿ ವ್ಯಾಪಾರದ ದಾರಿ ಬೇರೆ. ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಪಟ್ಟಣದ ಅಂಗಡಿಯೊಂದರಲ್ಲಿ ೧೯೭೪ರ ಜೂನ್ ೨೬ರಂದು ಒಂದು ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲಿನ ಗೆರೆಗಳನ್ನು ಯಂತ್ರ ಓದಿತು. ಈ ಗೆರೆಗುರುತಿನಿಂದ ಮಾರಾಟವಾದ ಪ್ರತಿಯೊಂದು ವಸ್ತುವೂ ಆಗಲೇ ಲೆಕ್ಕಕ್ಕೆ ಬರುವುದು ಸಾಧ್ಯವಾಯಿತು. ಅಂಗಡಿಯವನು ಈ ಲೆಕ್ಕವನ್ನು ಇಟ್ಟುಕೊಂಡದ್ದು ತನಗಾಗಿ, ಕೊಳ್ಳುವವರಿಗೆ ತೋರಿಸಲಿಕ್ಕಲ್ಲ. ಮನೆಗೇ ಸರಕು ತಲುಪಿಸುವ ವ್ಯಾಪಾರ ಹುಟ್ಟಿದ ಮೇಲೆ ಈ ಗುಟ್ಟನ್ನು ಬಿಡಬೇಕಾಯಿತು. ಇಲ್ಲದ ವಸ್ತುವಿಗೆ ಹಣ ಪಡೆದರೆ ವ್ಯಾಪಾರ ನಿಲ್ಲದು. ಬೆಂಗಳೂರಿನಲ್ಲಿ ೨೦೧೧ರಲ್ಲಿ ಆರಂಭವಾದ ಬಿಗ್‌ಬ್ಯಾಸ್ಕೆಟ್, ೨೦೨೦ರಲ್ಲಿ ಬಂದ ಇನ್‌ಸ್ಟಾಮಾರ್ಟ್ ಮೊದಲಾದುವು ಬಡಾವಣೆಗಳ ಮಧ್ಯೆ ಗೋದಾಮುಗಳನ್ನಿಟ್ಟುಕೊಂಡು, ಅಲ್ಲಿರುವ ಸರಕನ್ನೇ ಮೊಬೈಲಿನಲ್ಲಿ ತೋರಿಸುತ್ತವೆ. ಇಂತಹ ಗೋದಾಮಿಗೆ ಮುಂಭಾಗವೇ ಇಲ್ಲ. ಇಡಿಯ ಅಂಗಡಿ ಹಿಂದಿನ ಕೋಣೆ. ಆದರೂ ಅದರ ದಾಸ್ತಾನು ಎಲ್ಲರಿಗೂ ಕಾಣುತ್ತದೆ. ಹಗೇವು ಸಂತೆಗಳ ಗುಣಗಳು ಒಂದರಲ್ಲೊಂದು ಬೆರೆತಂತಿದೆ.

ಸಾಮಾನ್ಯ ಕಿರಾಣಿ ಅಂಗಡಿಗಳನ್ನೂ ಒಂದೇ ಜಾಲದಲ್ಲಿ ಕಾಣಿಸಬೇಕೆಂಬ ಆಶಯದಿಂದ ರೂಪುಗೊಂಡ ಓಎನ್‌ಡಿಸಿ 2ಎಂಬ ಮುಕ್ತಜಾಲದ ಸಾರ್ವಜನಿಕ ಪ್ರಯೋಗ ೨೦೨೨ರ ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿಯೇ ಮೊದಲಾಯಿತು. ಇಲ್ಲಿನ ತೊಡಕು ಗ್ರಹಿಸಲು ಸುಲಭ. ದೊಡ್ಡ ಸಂಸ್ಥೆಯ ಗೋದಾಮಿನಲ್ಲಿ ಪ್ರತಿಯೊಂದು ಪೊಟ್ಟಣಕ್ಕೂ ನಮೂದುಂಟು. ಮುದ್ದೇನಹಳ್ಳಿಯಂತಹ ಊರಿನ ಅಂಗಡಿಯಲ್ಲಿ ಬೇಳೆ ಮೂಟೆಯಲ್ಲಿರುತ್ತದೆ, ಎಣ್ಣೆ ಡಬ್ಬದಲ್ಲಿರುತ್ತದೆ, ಲೆಕ್ಕ ಅಂಗಡಿಯವನ ತಲೆಯಲ್ಲಿರುತ್ತದೆ. ಅವನ ಪಾಲಿಗೆ ನಮೂದು ಎಂದರೆ ಹೆಚ್ಚಿನ ಕೆಲಸ. ಜೊತೆಗೆ ತೆರಿಗೆಯವರೂ ಎದುರಾಳಿಗಳೂ ನೋಡಬಹುದೆಂಬ ಅಳುಕು. ಆ ಊರಿನಲ್ಲಿ ಮಗುವೊಂದನ್ನು ‘ಹೋಗಿ ಕೇಳಿಕೊಂಡು ಬಾ’ ಎಂದು ಅಂಗಡಿಗೆ ಕಳುಹಿಸುವ ಪದ್ಧತಿ ಇನ್ನೂ ಎಲ್ಲಕ್ಕಿಂತ ನಂಬಿಕೆಯದು.

ಸರ್ಕಾರದ ಹಳೆಯ ಕಣ್ಣು ಈ ಅವಧಿಯಲ್ಲಿ ಮುಚ್ಚಿಕೊಂಡಿಲ್ಲ. ದಾಸ್ತಾನಿನ ಮಿತಿ ಹೇರುವ ಅಧಿಕಾರವನ್ನು ವಿಶೇಷ ಸಂದರ್ಭಗಳಿಗೆ ಸೀಮಿತಗೊಳಿಸಿದ ೨೦೨೦ರ ತಿದ್ದುಪಡಿ, ಕೃಷಿ ಕಾನೂನುಗಳ ರದ್ದತಿಯೊಡನೆ ೨೦೨೧ರಲ್ಲಿ ಅಳಿಯಿತು. ೨೦೨೩ರ ಜೂನ್‌ನಲ್ಲಿ ಗೋದಿಗೆ ಮಿತಿ ವಿಧಿಸಿದಾಗ ವರ್ತಕರು ತಮ್ಮ ದಾಸ್ತಾನನ್ನು ಸರ್ಕಾರದ ಜಾಲತಾಣದಲ್ಲಿ ಘೋಷಿಸಬೇಕಾಯಿತು. ಪಣ್ಯಾಧ್ಯಕ್ಷನ ಕೆಲಸವನ್ನು ಈಗ ಗಣಕಯಂತ್ರ ಮಾಡುತ್ತಿದೆ.

೮

ಮೇಲಿನ ವಿವೇಚನೆಯಿಂದ ಒಂದು ನಿರ್ಣಯಕ್ಕೆ ಬರಬಹುದು. ನಮ್ಮ ನಾಡಿನಲ್ಲಿ ಅಂಗಡಿಯ ದಾಸ್ತಾನನ್ನು ತಿಳಿಯುವ ಸಾಧನಗಳು ಬಹುಮಟ್ಟಿಗೆ ಅಭಾವದ ಕಾಲದಲ್ಲಿ, ಬಚ್ಚಿಟ್ಟವನನ್ನು ಹಿಡಿಯಲೆಂದೋ ಸಹಾಯಧನದ ಸೋರಿಕೆಯನ್ನು ತಡೆಯಲೆಂದೋ ಹುಟ್ಟಿದುವು. ಕೊಳ್ಳುವವನ ಅನುಕೂಲ ಅವುಗಳಿಗೆ ಆಮೇಲೆ ಸೇರಿಕೊಂಡ ಪ್ರಯೋಜನ. ಗೊಬ್ಬರದ ತಂತ್ರಾಂಶದಲ್ಲಿ ರೈತನ ಹೆಬ್ಬೆಟ್ಟು ಇಲ್ಲದೆ ಲೆಕ್ಕ ಮುಗಿಯದು. ಆದರೆ ಅವನು ಬರಿಗೈಯಲ್ಲಿ ಮರಳಿದರೆ ಅದಕ್ಕೆ ನಮೂದಿಲ್ಲ. ಮಾರಾಟ ದಾಖಲಾಗುತ್ತದೆ, ಮಾರಾಟವಾಗದ ಕೋರಿಕೆ ದಾಖಲಾಗುವುದಿಲ್ಲ. ಅಂಗಡಿಗೆ ಬಂದು, ಕೇಳಿ, ಇಲ್ಲವೆನಿಸಿಕೊಂಡು ಹೋದವರ ಸಂಖ್ಯೆ ಒಂದು ದಿನವಾದರೂ ಲೆಕ್ಕಕ್ಕೆ ಬಂದರೆ ಅಭಾವದ ನಿಜವಾದ ಪ್ರಮಾಣ ಅಂದೇ ಗೊತ್ತಾಗುತ್ತದೆ. ಇಂತಹ ಲೆಕ್ಕವನ್ನು ಸೇರಿಸುವುದು ಯಂತ್ರವಿದ್ಯೆಗೆ ಕಷ್ಟವಲ್ಲ. ಅದನ್ನು ಬೇಕೆಂದು ಕೇಳುವವರು ಬೇಕು.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಬೇಕಾದ ಕೆಲಸವೂ ಇದೆ. ವ್ಯವಸಾಯ ಸೇವಾ ಸಹಕಾರ ಸಂಘಗಳ ಹಳೆಯ ದಾಸ್ತಾನು ಪುಸ್ತಕಗಳು, ನ್ಯಾಯಬೆಲೆ ಅಂಗಡಿಗಳ ರಿಜಿಸ್ಟರುಗಳು, ತಾಲ್ಲೂಕು ಕಚೇರಿಗಳ ಪರವಾನಗಿ ಕಡತಗಳು ಗಣಕಯಂತ್ರ ಬಂದ ಮೇಲೆ ರದ್ದಿಯಾಗುವ ಸಂಭವವಿದೆ. ಚಿಕ್ಕಬಳ್ಳಾಪುರ ೨೦೦೭ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಯಿತಾದುದರಿಂದ ಹಳೆಯ ಕಾಗದಗಳನ್ನು ಎರಡೂ ಕಡೆ ಹುಡುಕಬೇಕು. ಹಗೇವುಗಳನ್ನು ತೆಗೆಸಿದ್ದ ಮನೆತನಗಳ ಹಿರಿಯರನ್ನೂ ಪಡಿತರದ ಸಾಲಿನಲ್ಲಿ ನಿಂತು ಬೆಳೆದ ಹೆಂಗಸರನ್ನೂ ಕಂಡು ಅವರ ಮಾತನ್ನು ಬರೆದಿಟ್ಟುಕೊಳ್ಳಬೇಕು. ಪುಸ್ತಕಗಳು ಅಂಗಡಿಯಲ್ಲಿ ಏನಿತ್ತೆಂಬುದನ್ನು ತಿಳಿಸುತ್ತವೆ. ಏನು ಸಿಗಲಿಲ್ಲವೆಂಬುದನ್ನು ಈ ಜನರೇ ತಿಳಿಸಬೇಕು. ಎರಡನ್ನೂ ಎದುರುಬದುರಾಗಿಟ್ಟು ಓದಿದಾಗ ಈ ವಿಷಯದ ಚರಿತ್ರೆ ಪೂರ್ಣವಾದೀತು.